ಅವಸರ ಮಾಡದ ಡಾಕ್ಟರನ್ನು ಆರಿಸಿಕೋ

ಮಗಳೇ,

ಸೀನಿದರೆ, ಮಗುವನ್ನು ಎತ್ತಿಕೊಂಡರೆ ಮೂತ್ರ ಹನಿಯುತ್ತದೆ, ಕೆಳಗೆ ಏನೋ ಜಗ್ಗಿದ ಹಾಗಾಗುತ್ತದೆ ಎಂದು ನೀನು ಬಾಯಿಬಿಟ್ಟು ಹೇಳಿದ್ದು ಒಳ್ಳೆಯದಾಯಿತು. ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ಆಯುಷ್ಯ ಕಳೆದವಳು ನಾನು. ಇದೇ ಮಾತನ್ನು ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು, ಹಳೇ ಸೀರೆಯ ತುಂಡು ಮಡಿಸಿ ಕಟ್ಟಿಕೊಂಡು ಬದುಕಿದ ಹೆಂಗಸರನ್ನು ಕಂಡಿದ್ದೇನೆ. ಜ್ವರಕ್ಕೋ ಮಂಡಿನೋವಿಗೋ ಮಾತ್ರೆ ತೆಗೆದುಕೊಂಡು ಹೊರಟವರು ಬಾಗಿಲ ಹತ್ತಿರ ನಿಂತು, ‘ಸಿಸ್ಟರ್, ಇನ್ನೊಂದು ಮಾತು’ ಎನ್ನುತ್ತಿದ್ದರು. ‘ಹೆತ್ತವರಿಗೆಲ್ಲ ಇದ್ದದ್ದೇ’ ಎಂದು ಮನೆಯಲ್ಲಿ ಅತ್ತೆಯೋ ಅಮ್ಮನೋ ಮೊದಲೇ ಬಾಯಿ ಮುಚ್ಚಿಸಿರುತ್ತಾರೆ. ಹೆತ್ತವರಲ್ಲಿ ಬಹಳ ಮಂದಿಗೆ ಬರುತ್ತದೆ, ನಿಜ. ಅದಕ್ಕೆಂದು ಸಹಿಸಿಕೊಂಡೇ ಇರಬೇಕಾಗಿಲ್ಲ.

ಯಾರಿಗೆ ತೋರಿಸಲಿ ಎಂದು ಕೇಳಿದ್ದೀಯ. ದೊಡ್ಡ ಆಸ್ಪತ್ರೆಯೋ ಚಿಕ್ಕದೋ, ಹೆಸರು ಮಾಡಿದವರೋ ಅಲ್ಲವೋ ಎಂಬುದೆಲ್ಲ ಆಮೇಲೆ. ಕೇಳುವುದರಲ್ಲಿ, ಪರೀಕ್ಷೆ ಮಾಡುವುದರಲ್ಲಿ, ಕತ್ತರಿ ಹಿಡಿಯುವುದರಲ್ಲಿ ಅವಸರ ಮಾಡದವರನ್ನು ಆರಿಸಿಕೋ.

ಮೊದಲು ಒಳಗೇನಿದೆ ಎಂದು ತಿಳಿದುಕೋ. ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯ ತನಕ ಸೀರೆಯ ತೊಟ್ಟಿಲಿನ ಹಾಗೆ ಒಂದು ಸ್ನಾಯುಗಳ ಹಾಸು ಕಟ್ಟಿಕೊಂಡಿದೆ. ಮೂತ್ರಕೋಶ, ಗರ್ಭಕೋಶ, ಮಲದ್ವಾರದ ಮೇಲಿನ ಕರುಳು ಮೂರನ್ನೂ ಅದು ಹೊತ್ತಿರುತ್ತದೆ. ಬಸಿರು, ಹೆರಿಗೆ, ವರ್ಷಗಟ್ಟಲೆಯ ಮಲಬದ್ಧತೆ, ಬಿಡದ ಕೆಮ್ಮು, ಭಾರ ಹೊರುವ ಕೆಲಸ ಇವೆಲ್ಲ ಅದನ್ನು ಸಡಿಲ ಮಾಡುತ್ತವೆ. ಒಂದು ಹಾಸಿನ ಮೇಲೆ ಮೂರು ಅಂಗ ಇರುವುದರಿಂದಲೇ ಯಾವ ಡಾಕ್ಟರು ಎಂಬ ಗೊಂದಲ. ನಿನ್ನಂಥ ತೊಂದರೆಗೆ ಮೊದಲು ಸ್ತ್ರೀರೋಗ ತಜ್ಞರು. ಅವರಲ್ಲೇ ಮೂತ್ರದ ಮತ್ತು ಗರ್ಭಕೋಶ ಜಾರುವ ತೊಂದರೆಗಳಿಗೆಂದೇ ಹೆಚ್ಚಿನ ತರಬೇತಿ ಪಡೆದವರಿದ್ದಾರೆ. ಯೂರೋಗೈನಕಾಲಜಿಸ್ಟ್ ಎನ್ನುತ್ತಾರೆ, ನಿಮ್ಮ ಬೆಂಗಳೂರಿನಲ್ಲೇ ಸಿಗುತ್ತಾರೆ. ಮೂತ್ರದಲ್ಲಿ ರಕ್ತ, ಕಲ್ಲು, ಮತ್ತೆ ಮತ್ತೆ ಉರಿಮೂತ್ರ ಎಂದಾದರೆ ಯೂರಾಲಜಿಯವರು. ಹೆರಿಗೆಯಲ್ಲಿ ಮಲದ್ವಾರದ ತನಕ ಹರಿದು, ಗಾಳಿ ಅಥವಾ ಮಲ ತಡೆಯಲಾಗುತ್ತಿಲ್ಲ ಎಂದಾದರೆ ಅದನ್ನು ಬಲ್ಲ ಸರ್ಜನ್ ನೋಡಬೇಕು. ಗಂಡ ಹೆಂಡಿರು ಸೇರುವಾಗ ನೋವಾಗುವುದನ್ನೂ ಸ್ತ್ರೀರೋಗ ತಜ್ಞರಿಗೇ ಹೇಳಬೇಕು. ಎಷ್ಟೋ ಹೊಸ ಮದುಮಕ್ಕಳು ಅದನ್ನು ತಮ್ಮ ತಪ್ಪೆಂದುಕೊಂಡು ಅತ್ತದ್ದನ್ನು ನೋಡಿದ್ದೇನೆ. ಅದಕ್ಕೂ ಚಿಕಿತ್ಸೆ ಇದೆ.

ನಿನ್ನ ವಿಷಯದಲ್ಲಿ ನಾನು ತೂಕ ಕೊಡುವುದು ಫಿಸಿಯೋಥೆರಪಿಗೆ. ಮಹಿಳಾ ಆರೋಗ್ಯದಲ್ಲಿ ಎಂಪಿಟಿ, ಅಂದರೆ ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ, ಮಾಡಿದವರನ್ನು, ಇಲ್ಲವೇ ಇದೇ ಕೆಲಸದಲ್ಲಿ ಪಳಗಿದವರನ್ನು ಹುಡುಕು. ಒಳ್ಳೆಯವರಾದರೆ ಮೊದಲ ದಿನ ಮುಕ್ಕಾಲು ಪಾಲು ಮಾತೇ ಆಗಿರುತ್ತದೆ. ಎಷ್ಟು ನೀರು, ಎಷ್ಟು ಲೋಟ ಕಾಫಿ, ರಾತ್ರಿ ಎಷ್ಟು ಸಲ ಏಳುತ್ತೀ, ಮಲಬದ್ಧತೆ ಇದೆಯೇ, ಹೆರಿಗೆಯಲ್ಲಿ ಎಷ್ಟು ಹೊಲಿಗೆ ಬಿತ್ತು ಎಂದೆಲ್ಲ ಕೇಳುತ್ತಾರೆ. ಮೂರು ದಿನ ಕುಡಿದದ್ದು, ಹೋದದ್ದು, ಸೋರಿದ್ದು ಎಲ್ಲ ಬರೆದಿಡಲು ಒಂದು ಹಾಳೆ ಕೊಡುತ್ತಾರೆ. ಆಮೇಲೆ ನಿನ್ನನ್ನು ಕೇಳಿ, ಕೈಗವಸು ಹಾಕಿಕೊಂಡು ಒಂದು ಬೆರಳಿನಲ್ಲಿ ಒಳಗಿನ ಸ್ನಾಯುವಿನ ಬಿಗಿ ಎಷ್ಟಿದೆ ಎಂದು ನೋಡುತ್ತಾರೆ. ಗಾಳಿ ಹೋಗದಂತೆ ತಡೆಯುವಾಗ ಹೇಗೋ ಹಾಗೆ ಒಳಕ್ಕೂ ಮೇಲಕ್ಕೂ ಸೆಳೆ, ಹೊಟ್ಟೆ ತೊಡೆ ಬಿಗಿಯಬೇಡ, ಉಸಿರು ಕಟ್ಟಬೇಡ ಎಂದು ಹೇಳಿಕೊಡುತ್ತಾರೆ. 1948ರಲ್ಲಿ ಅಮೆರಿಕದ ಆರ್ನಾಲ್ಡ್ ಕೀಗಲ್ ಎಂಬ ಡಾಕ್ಟರು ಬರೆದು ಪ್ರಚಾರಕ್ಕೆ ತಂದ ವ್ಯಾಯಾಮ ಇದು. ಮೊಬೈಲಿನಲ್ಲಿ ನೋಡಿ ಮಾಡಿದರಾಗದೇ ಎನ್ನಬೇಡ. ಕೆಲವರಿಗೆ ಸ್ನಾಯು ಸಡಿಲವಾಗಿರುವುದಿಲ್ಲ, ಗಂಟು ಹಾಕಿಕೊಂಡಿರುತ್ತದೆ. ಅಂಥವರು ಬಿಗಿದಷ್ಟೂ ನೋವು ಜಾಸ್ತಿ. ಅವರು ಕಲಿಯಬೇಕಾದದ್ದು ಬಿಡುವುದನ್ನು. ಅದು ಮುಟ್ಟಿ ನೋಡಿದವರಿಗೆ ಮಾತ್ರ ತಿಳಿಯುತ್ತದೆ. ಕಡಿಮೆಯೆಂದರೆ ಮೂರು ತಿಂಗಳು ಬಿಡದೆ ಮಾಡು. ಹತ್ತು ದಿನದಲ್ಲಿ ವಾಸಿ ಎನ್ನುವವರ ಹತ್ತಿರ ಹೋಗಬೇಡ. (ಗಂಡಸರಿಗೂ ಈ ಸ್ನಾಯು ಇದೆ. ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಮೂತ್ರ ಸೋರಿ, ನಾಚಿಕೊಂಡು ಮದುವೆ ಮುಂಜಿಗೂ ಹೋಗದೆ ಕುಳಿತವರಿದ್ದಾರೆ. ಅವರಿಗೂ ಇದೇ ದಾರಿ.)

ಗರ್ಭಕೋಶ ಜಾರಿದೆ ಎಂದರೂ ಹೆದರಬೇಡ. ವಾರ್ಡಿನಲ್ಲಿ ನಾವು ಅದನ್ನು ಒಳಗಿನಿಂದ ಎತ್ತಿ ಹಿಡಿಯುವ ಸಿಲಿಕೋನಿನ ರಿಂಗು ಹಾಕುತ್ತಿದ್ದೆವು. ಹಾಕಿದ ಕೂಡಲೇ ಮನೆಗೆ ಕಳಿಸುವಂತಿಲ್ಲ. ಕಾರಿಡಾರಿನಲ್ಲಿ ನಡೆದಾಡಿಸಿ, ಕೆಮ್ಮಿಸಿ, ಕುಕ್ಕರುಗಾಲಲ್ಲಿ ಕೂರಿಸಿ, ಮೂತ್ರ ಸರಾಗವಾಗಿ ಹೋಯಿತೇ ಎಂದು ಕೇಳಿ, ಜಾರಿದರೆ ಇನ್ನೊಂದು ಅಳತೆಯದನ್ನು ಹಾಕಿ ನೋಡಬೇಕು. ಅಷ್ಟು ತಾಳ್ಮೆ ಇದ್ದ ಡಾಕ್ಟರ ಕೈಯಲ್ಲಿ ಗದ್ದೆ ಕೆಲಸದ ಹೆಂಗಸರು ಮಾರನೆಯ ವಾರ ನಾಟಿಗೆ ಹೋದದ್ದುಂಟು. ಆಪರೇಷನ್ ಬೇಕಾದವರೂ ಇದ್ದಾರೆ, ಅದರಿಂದ ಹೊಸ ಜೀವ ಬಂದವರೂ ಇದ್ದಾರೆ. ಸಣ್ಣ ಉಪಾಯಗಳ ಮಾತೇ ಎತ್ತದೆ ಮೊದಲ ಭೇಟಿಯಲ್ಲೇ ತಾರೀಖು ಕೊಡುವವರ ಹತ್ತಿರ ಎಚ್ಚರವಾಗಿರು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಲಂಬಾಣಿ ಹೆಂಗಸರ ಗರ್ಭಕೋಶವನ್ನೇ ತೆಗೆದುಬಿಟ್ಟ ಸಂಗತಿ 2015ರಲ್ಲಿ ನಾಡಿಗೆಲ್ಲ ತಿಳಿಯಿತು. ‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂಬ ಒಂದು ಮಾತು ಸಾಕು, ಓದಿದವರೂ ಸಹಿ ಹಾಕುತ್ತಾರೆ. ಬಿಳಿಸೆರಗು ಬಹುಪಾಲು ಸಹಜ, ಇಲ್ಲವೇ ಮಾತ್ರೆಗೆ ಬಗ್ಗುವ ಸೋಂಕು. ಚಿಕ್ಕ ವಯಸ್ಸಿನಲ್ಲಿ ಅಂಡಾಶಯವನ್ನೂ ಸೇರಿಸಿ ತೆಗೆದರೆ ಮುಟ್ಟು ನಿಂತವರ ಕಷ್ಟಗಳೆಲ್ಲ ಒಟ್ಟಿಗೇ ಬರುತ್ತವೆ, ಮೂಳೆ ಸವೆಯುತ್ತದೆ. ಬೇಡದ ಗರ್ಭಕೋಶದ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಅದಕ್ಕೂ ಮೊದಲು, 2008ರಲ್ಲಿ, ಇದೇ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತ್ತು. ಲ್ಯಾಪರೋಸ್ಕೋಪಿ ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ ಹೆಂಗಸಿನ ಗರ್ಭಕೋಶ, ಅಂಡಾಶಯಗಳನ್ನು, ಹೊರಗೆ ಕುಳಿತಿದ್ದ ಅವಳ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಸಲ್ಲದು, ಎಚ್ಚರವಾದ ಮೇಲೆ ಅವಳನ್ನೇ ಕೇಳಬೇಕಿತ್ತು ಎಂದಿತು ಕೋರ್ಟು. ಹಾಗಾಗಿ ಒಪ್ಪಿಗೆ ಪತ್ರವನ್ನು ಪೂರ್ತಿ ಓದು. ನಿನ್ನ ಪರವಾಗಿ ಅಮ್ಮನೋ ಗಂಡನೋ ಸಹಿ ಹಾಕಲು ಹೊರಟರೆ ಪೆನ್ನು ನೀನೇ ಇಸಿದುಕೋ.

ಒಳಪರೀಕ್ಷೆಯ ಹೊತ್ತಿನಲ್ಲಿ ಡಾಕ್ಟರ ಗುಣ ಗೊತ್ತಾಗುತ್ತದೆ. ಪರದೆ ಎಳೆದರೇ, ಹೊದಿಕೆ ಕೊಟ್ಟರೇ, ಏನು ಮಾಡುತ್ತೇನೆ ಎಂದು ಮೊದಲೇ ಹೇಳಿದರೇ, ನೋವಾಯಿತೆಂದರೆ ಕೈ ನಿಲ್ಲಿಸಿದರೇ ನೋಡು. ಡಾಕ್ಟರು ಗಂಡಸಾದರೆ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಇರಬೇಕೆನ್ನುವುದು ನಿನ್ನ ಹಕ್ಕು. ‘ಇವತ್ತು ಬೇಡ, ಇನ್ನೊಂದು ದಿನ’ ಎನ್ನಲೂ ಸಂಕೋಚ ಬೇಡ. ಹಾಗೆಂದು ಲೇಡಿ ಡಾಕ್ಟರೇ ಆಗಬೇಕೆಂದು ಹಟ ಹಿಡಿದು ತಿಂಗಳುಗಟ್ಟಲೆ ಮುಂದೂಡಬೇಡ. ಹೆಂಗಸರಾಗಿಯೂ ಗದರುವವರನ್ನು, ಗಂಡಸರಾಗಿಯೂ ತಾಯಿಯಂತೆ ನಡೆದುಕೊಂಡವರನ್ನು ನಾನು ಕಂಡಿದ್ದೇನೆ.

ಚೀಟಿಯ ಮೇಲೆ ಡಾಕ್ಟರ ನೋಂದಣಿ ಸಂಖ್ಯೆ ಇರಲೇಬೇಕು, ನೋಡಿಕೋ. ಖಾಸಗಿ ಕ್ಲಿನಿಕ್ಕಾದರೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರವೂ ದರಪಟ್ಟಿಯೂ ಕಣ್ಣಿಗೆ ಕಾಣುವಂತಿರಬೇಕು. ಒಂದೇ ಇಂಜೆಕ್ಷನ್ನಿಗೆ ಮೂಲವ್ಯಾಧಿ ಮಾಯ ಎಂಬ ಬೋರ್ಡಿನವರ ಕಡೆ ತಿರುಗಿಯೂ ನೋಡಬೇಡ. ನಿಮ್ಮೂರಲ್ಲಿ ಅದರ ಹೊಸ ರೂಪ, ಯೋನಿಯನ್ನು ಲೇಸರಿನಲ್ಲಿ ಬಿಗಿ ಮಾಡಿಕೊಡುತ್ತೇವೆ ಎನ್ನುವ ಜಾಹೀರಾತು. ಅಂಥ ಯಂತ್ರಗಳಿಂದ ಸುಟ್ಟಗಾಯ, ಬಿಡದ ನೋವು ಆಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ.

ಖರ್ಚಿನ ಚಿಂತೆಯಿದ್ದರೆ ಸರ್ಕಾರಿ ಆಸ್ಪತ್ರೆಗಳನ್ನು ಕಡೆಗಣಿಸಬೇಡ. ನಿಮ್ಮಲ್ಲಿ ವಾಣಿವಿಲಾಸ, ಮೈಸೂರಿನಲ್ಲಿ ಚೆಲುವಾಂಬ, ಮಂಗಳೂರಿನಲ್ಲಿ ಲೇಡಿ ಗೋಷನ್ ಇವೆ. ಸರತಿಯಲ್ಲಿ ಕಾಯಬೇಕಾಗುತ್ತದೆ, ಆದರೆ ನೋಡುವ ಕೈಗಳು ಸಾವಿರಾರು ಕೇಸು ನೋಡಿದವು. ನಿಮ್ಮ ಮನೆಗೆಲಸಕ್ಕೆ ಬರುವಾಕೆ ಸೊಂಟ ಹಿಡಿದುಕೊಂಡು ನೆಲ ಒರೆಸುತ್ತಾಳೆ ಎಂದು ನೀನೇ ಹೇಳಿದ್ದೆ. ಅವಳಿಗೂ ಇಂಥ ತೊಂದರೆ ಇದೆಯೇ ಎಂದು ಒಂದು ಮಾತು ಕೇಳು.

ಮೂತ್ರದಲ್ಲಿ ರಕ್ತ, ಮೂತ್ರ ಪೂರ್ತಿ ಕಟ್ಟುವುದು, ಚಳಿಜ್ವರದ ಜೊತೆ ಬೆನ್ನುನೋವು, ಕೂರುವ ಜಾಗ ಮರಗಟ್ಟುವುದು ಇವು ಕಂಡರೆ ಇಷ್ಟೆಲ್ಲ ವಿಚಾರಿಸುತ್ತಾ ಕೂರಬಾರದು, ಹತ್ತಿರದ ಆಸ್ಪತ್ರೆಗೆ ಅವತ್ತೇ ಹೋಗಬೇಕು. ಮುಟ್ಟು ನಿಂತ ಮೇಲೆ ರಕ್ತ ಕಂಡರೂ ತಡ ಮಾಡಬಾರದೆಂದು ನಿಮ್ಮಮ್ಮನಿಗೆ ಹೇಳು. ನಿನಗೆ ಅಂಥದ್ದೇನೂ ಇಲ್ಲ, ಹಾಗಾಗಿ ಸಮಯವಿದೆ. ಶನಿವಾರದಿಂದ ಮೂರು ದಿನದ ಲೆಕ್ಕ ಬರೆದಿಡು. ಹೆರಿಗೆಯ ಡಿಸ್ಚಾರ್ಜ್ ಕಾರ್ಡು ಜೊತೆಗಿರಲಿ. ಕಾರ್ಡು ಸಿಗದಿದ್ದರೆ ಆಸ್ಪತ್ರೆಯಲ್ಲಿ ಬರೆದು ಕೇಳು, 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ನಿಯಮವಿದೆ. ಮೊದಲು ನೋಡಿದವರ ಮಾತು ಮನಸ್ಸಿಗೆ ಒಪ್ಪದಿದ್ದರೆ ಅದೇ ಕಾಗದ ಹಿಡಿದು ಎರಡನೆಯವರ ಹತ್ತಿರ ಹೋಗು. ಮಗುವನ್ನು ನೋಡಿಕೊಳ್ಳಲು ನಾನು ಭಾನುವಾರ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ.

ನಿನ್ನ ದೊಡ್ಡಮ್ಮ