ಕಚೇರಿಯ ಫೋನು: ಕೆಲಸ ಕಲಿಸಿದ ಆರು ಪಾಠಗಳು

ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆಯಿಂದ ಹಿಡಿದು ಇಂದಿನ ಐಪಿ ಫೋನುಗಳವರೆಗೆ ನೋಡಿಕೊಂಡು ಬಂದವನಿಗೆ ಮನದಟ್ಟಾದದ್ದು ಇಷ್ಟೆ: ಫೋನು ಕೆಡುವುದು ಕಡಿಮೆ, ಅದರ ಸುತ್ತಮುತ್ತಲಿನದು ಕೆಡುವುದೇ ಹೆಚ್ಚು.

1. ಸರಾಸರಿ ನಂಬಿ ಲೈನು ತೆಗೆದುಕೊಳ್ಳಬೇಡಿ. ಗಂಟೆಗೆ 200 ಕರೆ, ಒಂದೊಂದು 3 ನಿಮಿಷ ಎಂದರೆ ಲೆಕ್ಕಕ್ಕೆ 10 ಲೈನು ಸಾಕು. ಆದರೆ ಕರೆಗಳು ಸರದಿಯಲ್ಲಿ ನಿಂತು ಬರುವುದಿಲ್ಲ. ಎರ್ಲಾಂಗ್ ಸೂತ್ರದ ಪ್ರಕಾರ 10 ಲೈನಿದ್ದರೆ ಐದು ಕರೆಗೆ ಒಂದು ಎಂಗೇಜ್! ಅದನ್ನು ನೂರಕ್ಕೆ ಒಂದಕ್ಕಿಂತ ಕೆಳಗಿಳಿಸಲು 18 ಲೈನು ಬೇಕು. 30 ಕರೆ ಹಿಡಿಸುವ ಒಂದು ಡಿಜಿಟಲ್ ಲೈನು, ಅಂದರೆ ಪಿಆರ್‌ಐ ಇದ್ದರೆ ನಿಶ್ಚಿಂತೆ.

2. ಧ್ವನಿ ಒಡೆದರೆ ತಕ್ಷಣ ಇಂಟರ್‌ನೆಟ್ ವೇಗ ಹೆಚ್ಚಿಸಲು ಓಡಬೇಡಿ. ಜಿ.711 ಕೋಡೆಕ್‌ನಲ್ಲಿ ಒಂದು ಕರೆಗೆ ಒಂದೊಂದು ದಿಕ್ಕಿಗೂ ಬೇಕಾದದ್ದು ಸುಮಾರು 87 ಕೆಬಿಪಿಎಸ್. ತೊಂದರೆ ಕೊಡುವುದು ಅದೇ ದಾರಿಯಲ್ಲಿ ನುಗ್ಗುವ ಬ್ಯಾಕಪ್, ವಿಡಿಯೊ. ಸ್ವಿಚ್ಚು, ರೂಟರುಗಳಲ್ಲಿ ಧ್ವನಿಗೆ ಮೊದಲ ಆದ್ಯತೆ ಕೊಡಿ. ಮಾತು ಆ ಕಡೆ ತಲುಪಲು 150 ಮಿಲಿಸೆಕೆಂಡ್ ದಾಟಿದರೆ ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಮಾತಾಡತೊಡಗುತ್ತಾರೆ.

3. ಒಂದೇ ಕಡೆಯ ಮಾತು ಕೇಳಿಸುತ್ತಿದೆಯೇ? ಫೋನು ಬದಲಿಸುವ ಮೊದಲು ರೂಟರ್ ತೆರೆದು ಸಿಪ್ ಎಎಲ್‌ಜಿ ಆಫ್ ಮಾಡಿ ನೋಡಿ. ಸಹಾಯಕ್ಕೆಂದು ಇಟ್ಟ ಈ ಸೌಲಭ್ಯವೇ ಎಷ್ಟೋ ಸಲ ಕರೆಯ ವಿಳಾಸವನ್ನು ತಪ್ಪಾಗಿ ತಿದ್ದಿಬಿಡುತ್ತದೆ.

4. ಕರೆಂಟಿನ ಲೆಕ್ಕ ಮರೆಯಬೇಡಿ. ಹಳೆಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಕರೆಂಟು ಹೋದರೂ ಅದು ರಿಂಗಾಗುತ್ತಿತ್ತು. ಐಪಿ ಫೋನಿಗೆ ಆ ಭಾಗ್ಯವಿಲ್ಲ, ಅದಕ್ಕೆ ಕರೆಂಟು ಬರುವುದು ಹೆಚ್ಚಾಗಿ ನೆಟ್‌ವರ್ಕ್ ಸ್ವಿಚ್ಚಿನಿಂದ. ಸರ್ವರಿಗೆ ಯುಪಿಎಸ್ ಕೊಟ್ಟು ಸ್ವಿಚ್ಚಿಗೆ ಕೊಡದಿದ್ದರೆ ಮಳೆಗಾಲದಲ್ಲಿ ಇಡೀ ಕಚೇರಿ ಮೂಕವಾಗುತ್ತದೆ.

5. ಕಳ್ಳರು ಬರುವುದು ರಜೆಯ ರಾತ್ರಿ. ಎಕ್ಸ್‌ಟೆನ್ಷನ್ ನಂಬರನ್ನೇ ಪಾಸ್‌ವರ್ಡ್ ಮಾಡಿಟ್ಟ ಕಡೆ ನುಗ್ಗಿ, ದುಬಾರಿ ವಿದೇಶಿ ನಂಬರುಗಳಿಗೆ ಬೆಳಗಾಗುವವರೆಗೆ ಕರೆ ಹಚ್ಚುತ್ತಾರೆ. ಬಿಲ್ ಬರುವುದು ನಿಮ್ಮ ಹೆಸರಿಗೆ. ಐಎಸ್‌ಡಿ ಬೇಕಾದವರಿಗಷ್ಟೇ ಕೊಡಿ, ದಿನದ ಖರ್ಚಿಗೊಂದು ಮಿತಿ ಹಾಕಿ.

6. ಕರೆ ಮಾಡಿದವರಿಗೆ ಆಯ್ಕೆ ಹೇಳುವ ಐವಿಆರ್ ಚಿಕ್ಕದಾಗಿರಲಿ, ಕನ್ನಡದಲ್ಲಿ ಶುರುವಾಗಲಿ. ಮೂರು ನಾಲ್ಕು ಆಯ್ಕೆ ಸಾಕು. ಮನುಷ್ಯರೊಂದಿಗೆ ಮಾತಾಡುವ ದಾರಿ ಮೊದಲ ಮೆನುವಿನಲ್ಲೇ ಇರಲಿ.

ಎಲ್ಲಕ್ಕಿಂತ ಸುಲಭದ ಪರೀಕ್ಷೆ ನಿಮ್ಮ ಕೈಯಲ್ಲೇ ಇದೆ. ವಾರಕ್ಕೊಮ್ಮೆ ಹೊರಗೆ ನಿಂತು, ನಿಮ್ಮ ಮೊಬೈಲಿನಿಂದ ಗ್ರಾಹಕರಂತೆ ನಿಮ್ಮದೇ ಕಚೇರಿಗೆ ಕರೆ ಮಾಡಿ ನೋಡಿ. ಯಾವ ವರದಿಯೂ ಹೇಳದ್ದನ್ನು ಆ ಒಂದು ಕರೆ ಹೇಳುತ್ತದೆ.