ಎಲೆ ಹಾಕಿ ಕಾಯಿಸಬೇಡ

ಗೇಮ್ ಸರ್ವರ್ ಶುರು ಮಾಡಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. "ಅದೇನೋ ಗುಂಡು ಹಾರಿಸೋ ಆಟವಂತೆ ಅಣ್ಣ, ತಿಂಗಳು ತಿಂಗಳು ದುಡ್ಡು ಬೇರೆ ಕಟ್ತಾನೆ, ನೀನಾದ್ರೂ ಬುದ್ಧಿ ಹೇಳು" ಅಂದಳು. ಹೇಳ್ತೀನಿ ಅಂತ ಒಪ್ಪಿಕೊಂಡೆ. ಮೈಸೂರಿನ ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೌಂಟರ್ ಸ್ಟ್ರೈಕ್ 1.6 ಆಡಿದವನು, ಆಮೇಲೆ ನಾಲ್ಕು ವರ್ಷ ನಿನ್ನ ಹಾಗೇ ಕೌಂಟರ್ ಸ್ಟ್ರೈಕ್ ಸೋರ್ಸ್ ಸರ್ವರ್ ನಡೆಸಿದವನು ನಿನ್ನ ಈ ಮಾವ. ನಿಮ್ಮಮ್ಮನಿಗೆ ಆ ಕಥೆ ಪೂರ್ತಿ ಗೊತ್ತಿಲ್ಲ. ಈಗ ಗೊತ್ತಾಗುವುದೂ ಬೇಡ.

ನಿನ್ನೆ ರಾತ್ರಿ ಬೇರೆ ಹೆಸರಿಟ್ಟುಕೊಂಡು ನಿನ್ನ ಸರ್ವರಿಗೆ ಬಂದಿದ್ದೆ. 60 ಎಂಬಿಯ ಯಾವುದೋ ಹೊಸ ಮ್ಯಾಪ್ ಇಳಿಯಲು ಶುರುವಾಯಿತು. ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ, ಕುಡಿದೆ, ಲೋಟ ತೊಳೆದಿಟ್ಟೆ. ಕಾಲುಭಾಗವೂ ಇಳಿದಿರಲಿಲ್ಲ. ಸೋದರಳಿಯನ ಸರ್ವರಲ್ಲವೇ ಅಂತ ನಾನು ಕಾದೆ. ಬೇರೆ ಯಾರು ಕಾಯುತ್ತಾರೆ?

ನಿನ್ನನ್ನು ಬೈಯುತ್ತಿಲ್ಲ. ಈ ತೊಂದರೆ ಸರ್ವರ್ ನಡೆಸುವವನ ಕಣ್ಣಿಗೆ ಬೀಳುವುದೇ ಇಲ್ಲ. ಮ್ಯಾಪ್‌ಗಳನ್ನು ಹಾಕಿದವನೇ ನೀನು, ಎಲ್ಲ ನಿನ್ನ ಕಂಪ್ಯೂಟರಿನಲ್ಲಿ ಮೊದಲೇ ಇವೆ. ನೀನು ಕ್ಲಿಕ್ ಮಾಡಿದ ತಕ್ಷಣ ಒಳಗೆ ಹೋಗುತ್ತೀಯ. ಹೊಸಬ ಮಾತ್ರ ಹೊಸ್ತಿಲಲ್ಲಿ ಕೂತಿರುತ್ತಾನೆ, ಎರಡು ನಿಮಿಷ ನೋಡಿ ಎದ್ದು ಹೋಗುತ್ತಾನೆ. ಹೋಗುವವನು ಯಾಕೆ ಹೋದೆ ಅಂತ ಹೇಳಿ ಹೋಗುವುದಿಲ್ಲ.

ಆಗುತ್ತಿರುವುದು ಇಷ್ಟು. ಮ್ಯಾಪ್ ಇಲ್ಲದವನು ಬಂದಾಗ ಗೇಮ್ ಸರ್ವರೇ ಆಟದ ನಡುವೆ ಫೈಲನ್ನೂ ತುಂಡು ತುಂಡಾಗಿ ಕಳಿಸುತ್ತಿದೆ. ಸೋರ್ಸ್ ಎಂಜಿನ್‌ನಲ್ಲಿ ಆ ದಾರಿಯ ವೇಗ ಸೆಕೆಂಡಿಗೆ ಸುಮಾರು 20 ಕೆಬಿ. ಮನೆಯಲ್ಲಿ 100 ಎಂಬಿಪಿಎಸ್ ಫೈಬರ್ ಇದ್ದರೂ ಅಷ್ಟೇ. 60 ಎಂಬಿ ಇಳಿಯಲು 50 ನಿಮಿಷ. 64 ಎಂಬಿ ದಾಟಿದ ಫೈಲನ್ನಂತೂ ಆ ದಾರಿ ಸಾಗಿಸುವುದೇ ಇಲ್ಲ. ಮದುವೆಮನೆಯಲ್ಲಿ ಅಡುಗೆಭಟ್ಟರೇ ಒಲೆ ಬಿಟ್ಟು ಬಡಿಸಲು ಬಂದ ಹಾಗೆ ಇದು. ಒಲೆ ಮೇಲಿನ ಸಾರೂ ಸೀದುಹೋಗುತ್ತದೆ, ಪಂಕ್ತಿಯೂ ಮುಂದೆ ಹೋಗುವುದಿಲ್ಲ.

ಬಡಿಸಲು ಬೇರೆ ಕೈ ಬೇಕು. ಆಟದವರು ಅದನ್ನೇ ಫಾಸ್ಟ್‌ಡಿಎಲ್ ಅನ್ನುತ್ತಾರೆ. ದೊಡ್ಡ ವಿದ್ಯೆಯೇನಲ್ಲ, ಫೈಲ್ ಕೊಡುವ ಕೆಲಸವನ್ನು ಒಂದು ಸಾಮಾನ್ಯ ವೆಬ್ ಸರ್ವರಿಗೆ ವಹಿಸುವುದು. ಅಪಾಚಿಯೋ ಎಂಜಿನ್‌ಎಕ್ಸೋ, ಯಾವುದಾದರೂ ಸರಿ. ಆಮೇಲೆ ನಿನ್ನ ಸರ್ವರ್ ಸಿಎಫ್‌ಜಿಯಲ್ಲಿ 'ಎಸ್‌ವಿ_ಡೌನ್‌ಲೋಡ್‌ಯುಆರ್‌ಎಲ್' ಸಾಲಿಗೆ ಅದರ ವಿಳಾಸ ಕೊಡು. ವೆಬ್ ಸರ್ವರಿನಲ್ಲಿ ಫೋಲ್ಡರ್‌ಗಳ ಜೋಡಣೆ ಗೇಮಿನಲ್ಲಿದ್ದ ಹಾಗೇ ಇರಬೇಕು: ಮ್ಯಾಪ್ಸ್, ಸೌಂಡ್, ಮಾಡೆಲ್ಸ್, ಮೆಟೀರಿಯಲ್ಸ್. ಮ್ಯಾಪ್ಸ್ ಫೋಲ್ಡರ್ ಆಚೀಚೆ ಆದರೆ 'ಮಿಸ್ಸಿಂಗ್ ಮ್ಯಾಪ್' ಎಂದು ಹೇಳಿ ಆಟ ಹೊರಗೆ ದಬ್ಬುತ್ತದೆ.

ಇಲ್ಲಿ ಒಂದು ಕಡೆ ಕೈ ಹಿಡಿದು ನಿಲ್ಲಿಸಿ ಹೇಳಬೇಕು. ಜೋಡಣೆ ಹಾಗೇ ಇರಲಿ ಅಂದೆನೆಂದು ಗೇಮಿನ ಇಡೀ ಸಿಸ್ಟ್ರೈಕ್ ಫೋಲ್ಡರನ್ನೇ ವೆಬ್ಬಿಗೆ ತೆರೆದಿಡಬೇಡ. ಸೋಮಾರಿತನಕ್ಕೆ ಎಷ್ಟೋ ಜನ ಮಾಡುವ ಕೆಲಸ ಅದು. ಅದರೊಳಗೆ ಸಿಎಫ್‌ಜಿ ಫೋಲ್ಡರ್ ಇದೆ, ಅದರಲ್ಲಿ ಸರ್ವರ್ ಸಿಎಫ್‌ಜಿ ಇದೆ, ಅದರಲ್ಲಿ ದೂರದಿಂದ ಸರ್ವರ್ ಆಳುವ ನಿನ್ನ ಆರ್‌ಕಾನ್ ಪಾಸ್‌ವರ್ಡ್ ಮುಚ್ಚುಮರೆ ಇಲ್ಲದೆ ಕೂತಿದೆ. ಬ್ರೌಸರಿನಲ್ಲಿ ವಿಳಾಸ ಬರೆದರೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆಮೇಲೆ ಸರ್ವರಿಗೆ ಯಜಮಾನ ಅವನೇ. ಆಡುವವರಿಗೆ ಬೇಕಾದ ನಾಲ್ಕು ಫೋಲ್ಡರ್‌ಗಳನ್ನು ಮಾತ್ರ ಬೇರೆ ಕಡೆ ನಕಲು ಮಾಡಿಡು.

ಫೈಲುಗಳನ್ನು ಬಿಝಿಪ್2 ಮಾಡಿಡುವುದನ್ನೂ ಕಲಿ. ಸೋರ್ಸ್ ಗೇಮ್ ಮೊದಲು ಆ ಅಮುಕಿದ ಫೈಲನ್ನೇ ಹುಡುಕುತ್ತದೆ, ಸಿಗದಿದ್ದರೆ ಮಾತ್ರ ಇಡಿಯದನ್ನು ಕೇಳುತ್ತದೆ. ಅಮುಕಿದ್ದು ವೆಬ್ ಸರ್ವರಿನಲ್ಲಿ, ಇಡಿಯದು ಗೇಮ್ ಸರ್ವರಿನಲ್ಲಿ; ಅದಲುಬದಲು ಮಾಡಬೇಡ. ನಿನ್ನ ಹಾಸ್ಟೆಲ್ ಹುಡುಗರು 1.6 ಸರ್ವರ್ ಮಾಡುತ್ತಾರಂತಲ್ಲ, ಅವರಿಗೆ ಈ ಉಪಾಯ ಹೇಳಬೇಡ. ಆ ಹಳೆಯ ಎಂಜಿನ್‌ಗೆ ಬಿಝಿಪ್ ಅರ್ಥವಾಗುವುದಿಲ್ಲ. ಇನ್ನು ಹೆಸರುಗಳೆಲ್ಲ ಚಿಕ್ಕ ಅಕ್ಷರದಲ್ಲೇ ಇರಲಿ. ನಿನ್ನ ವಿಂಡೋಸ್‌ಗೆ ದೊಡ್ಡಕ್ಷರ, ಚಿಕ್ಕಕ್ಷರ ಒಂದೇ. ಬಾಡಿಗೆಗೆ ಹಿಡಿದ ಲಿನಕ್ಸ್ ಸರ್ವರಿಗೆ ಅವೆರಡೂ ಬೇರೆ ಬೇರೆ ಫೈಲು.

ಈಗ ನನ್ನ ಮಾನ ಹೋದ ಕಥೆ. ಒಂದು ಯುಗಾದಿಗೆ, ನಮ್ಮಲ್ಲಿ ಎಲ್ಲರೂ ಆಡುತ್ತಿದ್ದ ಒಂದು ಮ್ಯಾಪಿನ ಬಾಗಿಲುಗಳಿಗೆ ಮಾವಿನ ತೋರಣ ಕಟ್ಟೋಣ ಅನ್ನಿಸಿತು. ಆ ಮ್ಯಾಪ್ ಮಾಡಿದ ಹುಡುಗ ಪರಿಚಯದವನೇ, ಮೂಲ ಫೈಲು ಕೊಟ್ಟ. ಎರಡು ರಾತ್ರಿ ಕೂತು ತೋರಣ ಅಂಟಿಸಿ, ಅದೇ ಹೆಸರಿನಲ್ಲಿ ಸರ್ವರಿಗೆ ಹಾಕಿದೆ. ಹಬ್ಬದ ಸಂಜೆ ಒಬ್ಬನೂ ಒಳಗೆ ಬರಲಿಲ್ಲ. 'ನಿನ್ನ ಮ್ಯಾಪ್ ಸರ್ವರಿನದಕ್ಕಿಂತ ಬೇರೆ' ಎಂದು ಎಲ್ಲರಿಗೂ ಬಾಗಿಲು ಮುಚ್ಚಿತ್ತು. ಹಳೆಯ ಫೈಲು ಅವರ ಬಳಿ ಇತ್ತು, ಹೆಸರು ಒಂದೇ ಆದ್ದರಿಂದ ಗೇಮ್ ಹೊಸದನ್ನು ಇಳಿಸಲೇ ಇಲ್ಲ, ಒಳಗಿನ ಲೆಕ್ಕ ಮಾತ್ರ ತಾಳೆಯಾಗಲಿಲ್ಲ. ಹೊಸಬರಿಗೆ ತೊಂದರೆಯಿಲ್ಲ, ದಿನಾ ಬರುವವರಿಗೇ ಪ್ರವೇಶವಿಲ್ಲ! ಒಬ್ಬೊಬ್ಬರಿಗೂ ಫೋನು ಮಾಡಿ ಹಳೆಯದನ್ನು ಅಳಿಸಿ ಅಂತ ಹೇಳುವಷ್ಟರಲ್ಲಿ ಒಬ್ಬಟ್ಟು ಆರಿಹೋಗಿತ್ತು.

ಅವತ್ತಿನಿಂದ ನನ್ನದು ಒಂದೇ ನಿಯಮ: ಒಂದು ಎಳೆ ಬದಲಾದರೂ ಹೆಸರು ಬದಲಾಗಲಿ, ಬಾಲಕ್ಕೆ ವಿ2, ವಿ3 ಸೇರಿಸು. ಆದರೆ ಸೋರ್ಸ್‌ನಲ್ಲಿ ಕಟ್ಟಿ ಮುಗಿದ ಮ್ಯಾಪಿನ ಹೆಸರನ್ನು ಬರೀ ಫೈಲಿನ ಮೇಲೆ ತಿದ್ದಿದರೆ ಹೊಳಪು, ಪ್ರತಿಬಿಂಬಗಳು ಕೆಡುತ್ತವೆ, ಏಕೆಂದರೆ ಹಳೆಯ ಹೆಸರು ಅದರ ಹೊಟ್ಟೆಯೊಳಗೂ ಬರೆದಿರುತ್ತದೆ. ಮೂಲದಿಂದ ಮತ್ತೆ ಕಟ್ಟಬೇಕು, ಮೂಲ ಇರುವುದು ಮಾಡಿದವನ ಬಳಿ. ಅವನನ್ನೇ ಕೇಳು, ಎರಡು ಸಾಲು ಬರೆದು ಕೇಳಿದರೆ ಸಾಮಾನ್ಯವಾಗಿ ಯಾರೂ ಇಲ್ಲ ಅನ್ನುವುದಿಲ್ಲ. ಕೇಳದೆ ಅವನ ಹೆಸರು ಅಳಿಸಿ ತಮ್ಮ ಸರ್ವರ್ ಹೆಸರು ಅಂಟಿಸುವವರಿದ್ದಾರೆ, ಅವರ ಸಾಲಿಗೆ ನೀನು ಸೇರಬೇಡ.

ಗೋಡೆಯೆಲ್ಲ ನೇರಳೆ-ಕಪ್ಪು ಚೌಕಳಿ, ಅಂಗಳದಲ್ಲಿ ಕೆಂಪಗೆ 'ಎರರ್' ಎಂಬ ದೊಡ್ಡ ಅಕ್ಷರಗಳು ನಿಂತಿರುವುದನ್ನು ನೋಡಿದ್ದೀಯಲ್ಲ? ಮ್ಯಾಪ್ ಬಂದಿದೆ, ಅದರ ಬಣ್ಣ ಮತ್ತು ಮಾಡೆಲ್‌ಗಳು ಬಂದಿಲ್ಲ ಅಂತ ಅರ್ಥ. ಮ್ಯಾಪಿನೊಳಗೇ ಅವನ್ನು ತುಂಬಿರುವ ಫೈಲನ್ನೇ ಆರಿಸಿಕೋ. 1.6ರಲ್ಲಿ ಆರ್‌ಇಎಸ್ ಎಂಬ ಪುಟ್ಟ ಪಟ್ಟಿಯೊಂದು ಮ್ಯಾಪಿನ ಜೊತೆ ಇರಬೇಕು, ಏನೇನು ಇಳಿಸಬೇಕು ಅನ್ನುವುದು ಅದರಲ್ಲಿರುತ್ತದೆ.

ಕೌಂಟರ್ ಸ್ಟ್ರೈಕ್ 2ರಲ್ಲಿ ಈ ತಲೆನೋವು ಬಹುಪಾಲು ಇಲ್ಲ, ಸ್ಟೀಮ್ ವರ್ಕ್‌ಶಾಪ್ ನೇರವಾಗಿ ಬಡಿಸುತ್ತದೆ. ಬದಲಿಗೆ, ಮಾಡಿದವನು ಮ್ಯಾಪನ್ನು ತಿದ್ದಿದ ದಿನ ಅಥವಾ ತೆಗೆದ ದಿನ ನಿನ್ನ ಕೈಯಲ್ಲಿ ಏನೂ ಇರುವುದಿಲ್ಲ.

ಇನ್ನು ನಿನ್ನ ಆ ಮ್ಯಾಪ್ ಪಟ್ಟಿ. 80 ಇವೆ! ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಹಾಗಾಯಿತು. ಒಂದೊಂದೂ 40 ಎಂಬಿ ಅಂತಿಟ್ಟುಕೊಂಡರೂ ಒಬ್ಬೊಬ್ಬನ ಡಿಸ್ಕಿಗೆ 3 ಜಿಬಿಗೂ ಹೆಚ್ಚು ಕಸ ಸುರಿಯುತ್ತಿದ್ದೀಯ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಆಡುವ ಹುಡುಗರಿದ್ದಾರೆ, ಅವರಿಗೆ ದಿನಕ್ಕೆ ಇಷ್ಟೇ ಡೇಟಾ ಅಂತ ಇರುತ್ತದೆ. ಹೊಸ ಮ್ಯಾಪ್ ಬಂದ ಸಂಜೆ ಸರ್ವರಿನಲ್ಲಿ 32 ಜನ ಇದ್ದರೆ ನಿನ್ನ ಹೋಸ್ಟಿಂಗ್‌ನಿಂದಲೂ ಒಂದೇ ಏಟಿಗೆ 1.2 ಜಿಬಿಗೂ ಹೆಚ್ಚು ಹೋಗುತ್ತದೆ. 12 ಇಟ್ಟುಕೋ, ಅದರಲ್ಲಿ ಅರ್ಧ ಗೇಮಿನ ಜೊತೆಗೇ ಬಂದವು ಇರಲಿ. ಡಸ್ಟ್ 2 ಹಳೆಯದಾಯಿತು ಅಂತ ಮೂಗು ಮುರಿಯಬೇಡ, 2001ರಿಂದ ಆಡುತ್ತಿದ್ದಾರೆ, ಇಳಿಸುವ ಕೆಲಸವೂ ಇಲ್ಲ. ಹೊಸದು ವಾರಕ್ಕೊಂದು ಸಾಕು, ಅದೂ ಜನ ಕಡಿಮೆ ಇರುವ ಹೊತ್ತಿನಲ್ಲಿ.

ಏನೇ ಬದಲಿಸಿದರೂ ನಿನ್ನ ಮ್ಯಾಪ್ಸ್ ಫೋಲ್ಡರಿನಿಂದ ಆ ಫೈಲನ್ನು ಪಕ್ಕಕ್ಕೆ ಎತ್ತಿಟ್ಟು, ಹೊಸಬನ ಹಾಗೆ ಒಮ್ಮೆ ಒಳಗೆ ಬಂದು ನೋಡು.

ಶನಿವಾರ ಒಂಬತ್ತಕ್ಕೆ ಮತ್ತೆ ಬರುತ್ತೇನೆ. ಡೌನ್‌ಲೋಡ್ ಆದದ್ದನ್ನೆಲ್ಲ ಅಳಿಸಿಕೊಂಡೇ ಬರುತ್ತೇನೆ, ಕಾಫಿ ಮೊದಲೇ ಕುಡಿದಿರುತ್ತೇನೆ.