ಬಿಡದಿ ಅಲ್ಲ, ಬಿದಾದರಿ

ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ತಾತ, ನಿಮ್ಮ ದೊಡ್ಡಪ್ಪ ಜಪಾನಿನವರ ಸೆರೆಯಲ್ಲಿ ಇದ್ದರಂತಲ್ಲ, ಅವರ ಬಗ್ಗೆ ಎಲ್ಲಿಂದ ಹುಡುಕೋಕೆ ಶುರು ಮಾಡ್ಲಿ?" ಅಂತ. ಕೆಲಸಕ್ಕೆಂದು ಸಿಂಗಾಪುರಕ್ಕೆ ಹೋದವಳಿಗೆ ಈ ಹುಚ್ಚು ಹತ್ತಿದ್ದು ಕೇಳಿ ಒಳಗೊಳಗೇ ಖುಷಿಯಾಯಿತು. ಆದರೆ ಇದು ಫೋನಿನಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ. ಈ ದಾರಿಯಲ್ಲಿ ನಾನು ಮೂವತ್ತು ವರ್ಷ ಚಪ್ಪಲಿ ಸವೆಸಿದ್ದೇನೆ, ಅದರಲ್ಲಿ ಅರ್ಧ ತಪ್ಪು ದಾರಿಯೇ. ಅದೇ ಹಳ್ಳಕ್ಕೆ ನೀನೂ ಬೀಳುವುದು ಬೇಡ.

ಮೊದಲು ಬಿಡದಿ ಕಥೆ ಕೇಳು. ದೊಡ್ಡಪ್ಪನಿಗೆ ವರ್ಷಕ್ಕೊಮ್ಮೆ ಮಲೇರಿಯಾ ಮರುಕಳಿಸುತ್ತಿತ್ತು. ಜ್ವರ ಏರಿದಾಗ ಏನೇನೋ ಬಡಬಡಿಸುತ್ತಿದ್ದರು. ಅದರಲ್ಲಿ ಪದೇ ಪದೇ ಬರುತ್ತಿದ್ದ ಮಾತು "ಬಿಡದಿ". ಪಾಪ, ದೊಡ್ಡಮ್ಮ ಬಿಡದಿಯಲ್ಲಿ ಯಾರೋ ಹೆಂಗಸು ಇದ್ದಾಳೆ ಅಂತಲೇ ಕೊನೆತನಕ ನಂಬಿದ್ದರು. ನಾನು ಅಷ್ಟು ದೂರ ಹೋಗಲಿಲ್ಲ. ಅಲ್ಲೆಲ್ಲೋ ಮಿಲಿಟರಿ ಕ್ಯಾಂಪು ಇದ್ದಿರಬೇಕು ಅಂದುಕೊಂಡು ಎರಡು ಸಲ ಬಸ್ಸು ಹತ್ತಿ ಹೋಗಿ, ಅಲ್ಲಿಯ ಮುದುಕರನ್ನೆಲ್ಲ ವಿಚಾರಿಸಿ, ತಟ್ಟೆ ಇಡ್ಲಿ ತಿಂದು ವಾಪಸು ಬಂದೆ. ಆಮೇಲೆ ಎಷ್ಟೋ ವರ್ಷಕ್ಕೆ, ಆಜಾದ್ ಹಿಂದ್ ಫೌಜಿನ ಮೇಲಿನ ಪುಸ್ತಕವೊಂದನ್ನು ಲೈಬ್ರರಿಯಲ್ಲಿ ತಿರುವಿಹಾಕುವಾಗ "ಬಿದಾದರಿ" ಅನ್ನುವ ಹೆಸರು ಕಣ್ಣಿಗೆ ಬಿತ್ತು. ಸಿಂಗಾಪುರದಲ್ಲಿ ನಮ್ಮ ಸಿಪಾಯಿಗಳನ್ನು ಇಟ್ಟಿದ್ದ ಕ್ಯಾಂಪುಗಳಲ್ಲಿ ಅದೂ ಒಂದು. ನೀ ಸೂನ್, ಸೆಲೆಟಾರ್, ಟಯರ್ಸಾಲ್ ಇನ್ನು ಕೆಲವು. ಬಿದಾದರಿಯಲ್ಲಿ ಈಗ ಸರ್ಕಾರಿ ಫ್ಲಾಟುಗಳು ಎದ್ದಿವೆಯಂತೆ. ನೀನು ದಿನಾ ಅದನ್ನು ದಾಟಿಕೊಂಡೇ ಆಫೀಸಿಗೆ ಹೋಗುತ್ತಿರಬಹುದು.

ಆದ್ದರಿಂದ ಮನೆಯವರು ಹೇಳಿದ್ದನ್ನು ಕಿವಿಗೆ ಬಿದ್ದ ಹಾಗೇ ಬರೆದುಕೋ, ತಿದ್ದಬೇಡ. ನಾವು ಅರ್ಥ ಮಾಡಿಕೊಂಡು ಬರೆದ ತಕ್ಷಣ ಬಿದಾದರಿ ಬಿಡದಿ ಆಗಿಬಿಡುತ್ತದೆ. ಇನ್ನೊಂದು, ಊರಿನಲ್ಲಿ ಉಳಿದಿರುವ ಹಿರಿಯರ ಹತ್ತಿರ ಹೋದಾಗ "ಯುದ್ಧದಲ್ಲಿ ಏನಾಯ್ತು?" ಅಂತ ಕೇಳಬೇಡ. ಬಾಯಿ ಹೊಲಿದುಕೊಳ್ಳುತ್ತಾರೆ, ಇಲ್ಲವೇ ಸಿನಿಮಾ ಕಥೆ ಹೇಳುತ್ತಾರೆ. ಊಟದ ವಿಚಾರ ಕೇಳು. ದೊಡ್ಡಪ್ಪ ಮನೆಯೊಳಗೆ ಮರಗೆಣಸು ತರಲು ಬಿಡುತ್ತಿರಲಿಲ್ಲ. ಒಮ್ಮೆ ನಮ್ಮವ್ವ ಬೇಯಿಸಿ ಒಗ್ಗರಣೆ ಹಾಕಿ ಇಟ್ಟಿದ್ದಳು. ಅವರು ಪಾತ್ರೆಸಮೇತ ಎತ್ತಿಕೊಂಡು ಹೋಗಿ ಹಿತ್ತಲ ತಿಪ್ಪೆಗೆ ಸುರಿದು, ಪಾತ್ರೆ ತೊಳೆದು ತಂದು ಕವುಚಿಹಾಕಿ, ಒಂದು ಮಾತೂ ಆಡದೆ ಜಗುಲಿಗೆ ಹೋಗಿ ಕೂತರು. ಜಪಾನಿನವರ ಕಾಲದಲ್ಲಿ ಮಲಯ, ಸಿಂಗಾಪುರದಲ್ಲಿ ಅಕ್ಕಿ ಸಿಗದೆ ಜನ ಮರಗೆಣಸಿನ ಮೇಲೇ ಜೀವ ಹಿಡಿದಿದ್ದರು ಅಂತ ನನಗೆ ಆಗ ಗೊತ್ತಿರಲಿಲ್ಲ.

ಇನ್ನು ಹಿನ್ನೆಲೆ. ದೊಡ್ಡಪ್ಪ ಇದ್ದ, ನಮ್ಮ ಮಹಾರಾಜರ ಸೈನ್ಯದ 1ನೇ ಮೈಸೂರು ಇನ್‌ಫೆಂಟ್ರಿ ಬ್ರಿಟಿಷರ ಪರವಾಗಿ ಸಿಂಗಾಪುರಕ್ಕೆ ಹೋಗಿತ್ತು. 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಬಿತ್ತು. ಎರಡು ದಿನ ಬಿಟ್ಟು ಭಾರತೀಯ ಸಿಪಾಯಿಗಳನ್ನೆಲ್ಲ ಫಾರರ್ ಪಾರ್ಕ್ ಮೈದಾನಕ್ಕೆ ಕರೆಸಿದರು. ಈಗ ಅಲ್ಲಿ ನಿನ್ನ ರೈಲು ನಿಲ್ಲುತ್ತದಲ್ಲ, ಅದೇ ಜಾಗ. ಬಿಳಿಯ ಅಧಿಕಾರಿಗಳನ್ನು ಬೇರೆ ಮಾಡಿ ಚಾಂಗಿಗೆ ಕಳಿಸಿದ್ದಾಗಿತ್ತು. ನಲವತ್ತು ಸಾವಿರಕ್ಕೂ ಹೆಚ್ಚು ಜನರ ಎದುರು ಜಪಾನಿನ ಮೇಜರ್ ಫುಜಿವಾರ, ಆಮೇಲೆ ಕ್ಯಾಪ್ಟನ್ ಮೋಹನ್ ಸಿಂಗ್ ಮಾತನಾಡಿದರು. ಆಜಾದ್ ಹಿಂದ್ ಫೌಜು ಕಟ್ಟಿ ಬ್ರಿಟಿಷರ ವಿರುದ್ಧ ಹೋರಾಡೋಣ ಬನ್ನಿ ಅಂದರು. ಹಲವು ಸಾವಿರ ಮಂದಿ ಹೋದರು, ಹಲವು ಸಾವಿರ ಮಂದಿ ಹೋಗಲಿಲ್ಲ. ನೀನು ಹುಡುಕುವ ಕಾಗದ ಆ ಮೈದಾನದಲ್ಲೇ ಎರಡು ದಾರಿಯಾಗಿ ಒಡೆದುಹೋಗಿದೆ ಅನ್ನುವುದು ನೆನಪಿರಲಿ.

ಹುಡುಕುವಾಗ ಹೆಸರಿನ ಹಿಂದೆ ಬೀಳಬೇಡ, ನಂಬರಿನ ಹಿಂದೆ ಬೀಳು. ಇದೊಂದು ಮಾತನ್ನು ಗಂಟು ಹಾಕಿಕೋ. ನಮ್ಮ ಕಡೆಯವರಿಗೆ ಸರ್‌ನೇಮ್ ಅನ್ನುವುದು ಎಲ್ಲಿತ್ತು? ಊರಿನ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಒಂದಕ್ಷರ, ಆಮೇಲೆ ಸ್ವಂತ ಹೆಸರು. ಭರ್ತಿಯ ಗುಮಾಸ್ತ ಇಂಗ್ಲಿಷಿನಲ್ಲಿ ಕಿವಿಗೆ ಬಿದ್ದಂತೆ ಗೀಚಿದ. ಸಿದ್ದಪ್ಪ ಅಂದರೆ ಒಂದು ಕಡೆ ಎರಡು ಡಿ, ಒಂದು ಕಡೆ ಒಂದೇ ಡಿ, ಮತ್ತೊಂದು ಕಡೆ ನಡುವೆ ಎಚ್ ತೂರಿಸಿದ್ದಾರೆ. ಗೌಡ ಅನ್ನುವುದನ್ನು ಡಬ್ಲ್ಯು ಹಾಕಿಯೂ ಬರೆದಿದ್ದಾರೆ, ಯು ಹಾಕಿಯೂ ಬರೆದಿದ್ದಾರೆ. ಅದು ಜಪಾನಿ ಲಿಪಿಗೆ ಹೋದರಂತೂ ಮುಗಿಯಿತು. ಅದರಲ್ಲಿ ಲಕಾರವೇ ಇಲ್ಲ, ನಮ್ಮ ಲಿಂಗಯ್ಯ ಅಲ್ಲಿ ರಿಂಗಯ್ಯ. ಸೈನ್ಯದ ನಂಬರು ಮಾತ್ರ ಎಲ್ಲಿ ಹೋದರೂ ಅದೇ ನಂಬರು. ಡಿಸ್ಚಾರ್ಜ್ ಕಾಗದ, ಪಿಂಚಣಿ ಪುಸ್ತಕ, ಹಳೇ ಮನಿಯಾರ್ಡರ್ ಚೀಟಿ, ಎಲ್ಲಾದರೂ ಸಿಗುತ್ತದೆ. ಪದಕ ಇದ್ದರೆ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡು. ಬ್ರಾಸೋ ಹಾಕಿ ಉಜ್ಜಬೇಡ ಮಹರಾಯ್ತಿ, ಇದ್ದ ಅಕ್ಷರವೂ ಹೋಗುತ್ತದೆ.

ನಂಬರು ಕೈಗೆ ಬಂದ ಮೇಲೆ, ಆತ ಸೆರೆಯಲ್ಲೇ ಸತ್ತಿದ್ದರೆ ಕೆಲಸ ಅಷ್ಟು ಕಷ್ಟವಲ್ಲ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದವರ ಪಟ್ಟಿಯಲ್ಲಿ ನಂಬರು, ದಳ, ಎಷ್ಟೋ ಸಲ "ಇಂಥವರ ಮಗ, ಇಂಥ ಊರು, ಮೈಸೂರು" ಅನ್ನುವವರೆಗೂ ಇರುತ್ತದೆ. ಊರಿನ ಹೆಸರನ್ನು ಬಾಯಿಬಿಟ್ಟು ಓದಿ ನೋಡು, ಕಣ್ಣಿಗೆ ತಿಳಿಯದ್ದು ಕಿವಿಗೆ ತಿಳಿಯುತ್ತದೆ. ನಿನ್ನ ಸಿಂಗಾಪುರದ ಕ್ರಾಂಜಿಯ ಯುದ್ಧಸ್ಮಾರಕದಲ್ಲಿ 24,000ಕ್ಕೂ ಹೆಚ್ಚು ಹೆಸರುಗಳಿವೆ. ಸಾಲು ಸಮಾಧಿಗಳ ನಡುವೆ ನಿಂತು ಫೋಟೋ ತೆಗೆದುಕೊಂಡು ಬಂದುಬಿಡಬೇಡ. ದೊಡ್ಡ ಸ್ಮಾರಕದ ಹಿಂದೆ ಇನ್ನೊಂದು ಇದೆ, ದಹನವಾದವರದ್ದು. ಹತ್ತಿರ ಹತ್ತಿರ 800 ಹೆಸರು, ಹೆಚ್ಚಿನವರು ನಮ್ಮವರೇ. ಅದನ್ನು ನೋಡದೆ ಬರುವವರೇ ಜಾಸ್ತಿ.

ಬದುಕಿ ಬಂದವರನ್ನು ಹುಡುಕುವುದೇ ಕಷ್ಟ. ಸತ್ತವರಿಗೆ ಕಲ್ಲು ಇದೆ, ಬದುಕಿದವರಿಗೆ ಕಡತ. ಮೈಸೂರು ಇನ್‌ಫೆಂಟ್ರಿ ಸ್ವಾತಂತ್ರ್ಯ ಬಂದ ಮೇಲೆ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ರೆಜಿಮೆಂಟಿನ ಕೇಂದ್ರ ಇರುವುದು ಊಟಿ ಹತ್ತಿರದ ವೆಲ್ಲಿಂಗ್ಟನ್ನಿನಲ್ಲಿ. ಸಂಸ್ಥಾನದ ಕಡತಗಳಿಗೆ ರಾಜ್ಯ ಪತ್ರಾಗಾರದ ಬೆಂಗಳೂರು, ಮೈಸೂರು ಕಚೇರಿಗಳಿಗೆ ಹೋಗು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯನ್ನೂ ಬಿಡಬೇಡ. ಒಂದು ಕಚೇರಿಯಲ್ಲಿ ನನ್ನನ್ನು ಹನ್ನೊಂದು ಸಲ ಅಲೆಸಿ, ಕೊನೆಗೆ "ಗೆದ್ದಲು ತಿಂದಿದೆ ಯಜಮಾನ್ರೇ" ಅಂದರು. ಯಾವ ಕಚೇರಿ ಅಂತ ಹೇಳುವುದಿಲ್ಲ. ಹನ್ನೆರಡನೇ ಸಲ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ, ಗೆದ್ದಲು ಅರ್ಧ ಕಡತ ವಾಪಸು ಕೊಟ್ಟಿತು.

ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಜಪಾನಿನವರೇ ಬರೆದಿಟ್ಟ ಕೈದಿಗಳ ಕಾರ್ಡುಗಳಿವೆ, ಸುಮಾರು 56,000. ಬಹುಪಾಲು ಬ್ರಿಟಿಷ್ ಮತ್ತು ಕಾಮನ್‌ವೆಲ್ತ್ ಸೈನಿಕರದ್ದು, ನಮ್ಮವರದ್ದು ಸಿಕ್ಕೇ ಸಿಗುತ್ತದೆ ಅಂತ ಕೂರಬೇಡ. ಅಂಥ ಜಪಾನಿ ಕಾಗದ ಕೈಗೆ ಬಂದರೆ ಇಸವಿ ನೋಡಿ ಗಾಬರಿಯಾಗಬೇಡ. 17 ಅಂತ ಇದ್ದರೆ ಅದು ಅವರ ಚಕ್ರವರ್ತಿಯ ಶೋವಾ ವರ್ಷ, 1925 ಕೂಡಿಸು, 1942 ಆಗುತ್ತದೆ. ಸಿಂಗಾಪುರ ಅಂತ ಹುಡುಕಿದರೂ ಸಿಗದೆ ಹೋಗಬಹುದು. ಆಗ ಅದರ ಹೆಸರು ಶೋನಾನ್.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ನಮ್ಮಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದು, ಅಣ್ಣ ನೇತಾಜಿಯ ಸಿಪಾಯಿ ಅಂತ. 1972ರಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಶುರುವಾದಾಗ ಅಪ್ಪ ಅರ್ಜಿ ತುಂಬಿಸಿ ತಂದು ಮುಂದಿಟ್ಟರು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಇದು ನನ್ನ ಅರ್ಜಿ ಅಲ್ಲ" ಅಂದು ಮಡಿಸಿ ಕೊಟ್ಟರು. ಎಂಥ ದೊಡ್ಡತನ ಅಂದುಕೊಂಡೆವು ನಾವು. ಅವರು ಹೋದ ಮೇಲೆ ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ನಾನೇ ಎರಡು ಪುಟ ಬರೆದೆ, ಪಿಂಚಣಿ ಬೇಡವೆಂದ ಆಜಾದ್ ಹಿಂದ್ ವೀರ ಅಂತ. ದೊಡ್ಡಪ್ಪನ ಟ್ರಂಕಿನ ತಳದ ಕಾಗದ ಬಿಡಿಸಿ ನೋಡಿದ್ದು ಅದಾದ ಮೇಲೆ. ಸೆರೆಯಲ್ಲಿದ್ದ ಅವಧಿಯ ಸಂಬಳದ ಬಾಕಿ ಪೂರ್ತಿ ಸಂದಾಯವಾದ ಲೆಕ್ಕ ಅದರಲ್ಲಿತ್ತು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಹಿಂತಿರುಗಿದವರನ್ನು ವಿಚಾರಣೆ ಮಾಡಿ ಬಿಳಿ, ಬೂದು, ಕಪ್ಪು ಅಂತ ವಿಂಗಡಿಸಿದ್ದರು. ಫೌಜಿಗೆ ಮನಸಾರೆ ಸೇರಿ ಕಪ್ಪು ಅನ್ನಿಸಿಕೊಂಡವರಿಗೆ ಕೆಲಸವೂ ಹೋಯಿತು, ಸಂಬಳದ ಬಾಕಿಯೂ ಮುಟ್ಟುಗೋಲಾಯಿತು. ದೊಡ್ಡಪ್ಪನಿಗೆ ಬಾಕಿ ಬಂದಿದೆ ಅಂದರೆ ಅವರು ಫೌಜಿಗೆ ಸೇರಿರಲೇ ಇಲ್ಲ. ಅವರು ಸುಳ್ಳು ಹೇಳಿರಲಿಲ್ಲ, ನಾವೇ ಅವರಿಗೆ ಟೋಪಿ ತೊಡಿಸಿದ್ದೆವು.

ಸೇರಿದ್ದರೆ ದೇಶಭಕ್ತ, ಸೇರದಿದ್ದರೆ ಬ್ರಿಟಿಷರ ಬಾಲಬಡುಕ ಅನ್ನುವ ಲೆಕ್ಕ ಈಗಿನವರಿಗೆ ಸುಲಭ. ಸೇರದವರಲ್ಲಿ ಸಾವಿರಾರು ಮಂದಿಯನ್ನು ಜಪಾನಿನವರು ಹಡಗಿಗೆ ತುಂಬಿ ನ್ಯೂ ಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ಫ್ರಂಟಿಯರ್ ಫೋರ್ಸ್ ರೆಜಿಮೆಂಟಿನ ಚಿಂತ್ ಸಿಂಗ್ ಅಂತ ಒಬ್ಬರು 1943ರಲ್ಲಿ ಸುಮಾರು 3,000 ಜನರ ಜೊತೆ ವೆವಾಕ್‌ಗೆ ಹೋದವರು. 1945ರಲ್ಲಿ ಸೆಪಿಕ್ ನದಿಯ ದಂಡೆಯ ಅಂಗೋರಾಮ್‌ನಲ್ಲಿ ಆಸ್ಟ್ರೇಲಿಯನ್ನರ ಕೈಗೆ ಜೀವಂತವಾಗಿ ಸಿಕ್ಕಿದ್ದು ಅವರೂ ಸೇರಿ ಹನ್ನೊಂದು ಮಂದಿ. ಅದರಲ್ಲಿ ಹತ್ತು ಜನ ನವೆಂಬರಿನಲ್ಲಿ ಊರಿಗೆ ಹೊರಟಾಗ ವಿಮಾನ ಬಿದ್ದು ಸತ್ತರು. ಯುದ್ಧಾಪರಾಧದ ವಿಚಾರಣೆಗೆ ಸಾಕ್ಷಿ ಹೇಳಲು ಹಿಂದೆ ಉಳಿದಿದ್ದರಿಂದ ಚಿಂತ್ ಸಿಂಗ್ ಉಳಿದರು. ವಿಚಾರಣೆಯಲ್ಲಿ ಜಪಾನಿನವರ ಪರ ಎದ್ದ ವಾದ ಏನು ಗೊತ್ತೆ? ಈ ಭಾರತೀಯರು ಕೈದಿಗಳೇ ಅಲ್ಲ, ತಾವಾಗಿ ನಮ್ಮ ಸೈನ್ಯಕ್ಕೆ ಸೇರಿದವರು ಅಂತ. ಹಾಗಾಗಿ ನಮ್ಮವರ ಹೇಳಿಕೆಗಳು ದೆಹಲಿಯಲ್ಲಿ ಸಿಗದಿದ್ದರೆ ಆಸ್ಟ್ರೇಲಿಯಾದ ಪತ್ರಾಗಾರದಲ್ಲಿ ನೋಡಬೇಕು. ಹುಡುಕುವ ಮುಂಚೆಯೇ ನೀನು ತೀರ್ಪು ಬರೆದಿಟ್ಟುಕೊಂಡರೆ ಅತ್ತ ತಿರುಗಿಯೂ ನೋಡುವುದಿಲ್ಲ. ನಾನು ನೋಡಲಿಲ್ಲ.

ಸೈನಿಕರಲ್ಲದವರ ವಿಚಾರವನ್ನೂ ಒಂದಿಷ್ಟು ತಿಳಿದುಕೋ. ಚಾಂಗಿ ಜೈಲಿನಲ್ಲಿ ಕೂಡಿಟ್ಟಿದ್ದ ಹೆಂಗಸರು 1942ರಲ್ಲಿ ಬಟ್ಟೆಯ ಚೌಕಗಳ ಮೇಲೆ ಹೆಸರು ಕಸೂತಿ ಹಾಕಿ ಜೋಡಿಸಿ ಕೌದಿ ಮಾಡಿದರು. ಒಂದೊಂದರಲ್ಲಿ 66 ಚೌಕ. ಯಾರು ಬದುಕಿದ್ದಾರೆ ಅನ್ನುವುದು ಗಂಡಸರ ಕ್ಯಾಂಪಿಗೆ ತಿಳಿಯುವ ಉಪಾಯ ಅದು. ಆ ಕೌದಿಗಳೂ ಈಗ ದಾಖಲೆಯೇ. ಅದೇ ಹೊತ್ತಿಗೆ ಮಲಯದ ರಬ್ಬರ್ ತೋಟಗಳಿಂದ ತಮಿಳು ಕೂಲಿಗಳನ್ನು ಬರ್ಮಾ-ಸಯಾಂ ರೈಲುದಾರಿಗೆ ಎಳೆದೊಯ್ದರು. 415 ಕಿಲೋಮೀಟರ್ ದಾರಿ, 1943ರ ಅಕ್ಟೋಬರಿಗೆ ಮುಗಿಯಿತು. ಅಲ್ಲಿ ಸತ್ತ 12,000ಕ್ಕೂ ಹೆಚ್ಚು ಯುದ್ಧಕೈದಿಗಳಿಗೆ ಪಟ್ಟಿ ಇದೆ, ಕಲ್ಲು ಇದೆ. ಅದಕ್ಕಿಂತ ಎಷ್ಟೋ ಪಟ್ಟು ಸತ್ತ ಏಷ್ಯಾದ ಕೂಲಿಗಳಿಗೆ ಅಂಥ ಪಟ್ಟಿ ಇಲ್ಲ. ನಿನ್ನ ಆಫೀಸಿನಲ್ಲಿ ಯಾರಾದರೂ ತಮಿಳು ಹುಡುಗಿ ತನ್ನ ಮುತ್ತಜ್ಜನನ್ನು ಹುಡುಕುತ್ತಿದ್ದರೆ, ನಮ್ಮ ನಂಬರಿನ ಉಪಾಯ ಅವಳಿಗೆ ನಡೆಯುವುದಿಲ್ಲ. ಮನೆಯ ಮುದುಕಿಯರ ನೆನಪೇ ಅವಳಿಗೆ ಪತ್ರಾಗಾರ. ಹೋಗಿ ಧ್ವನಿ ಮುದ್ರಿಸಿಕೋ ಅನ್ನು, ಈ ವಾರವೇ.

ನಮ್ಮ ನೆಲದಲ್ಲೂ ಸೆರೆಯಾಳುಗಳಿದ್ದರು. ಬೆಂಗಳೂರಿನ ಜಾಲಹಳ್ಳಿ ಕಡೆ ಉತ್ತರ ಆಫ್ರಿಕಾದಲ್ಲಿ ಸಿಕ್ಕಿಬಿದ್ದ ಇಟಲಿಯ ಸೈನಿಕರು. ರಾಜಸ್ಥಾನದ ದೇವಳಿಯಲ್ಲಿ ಜಪಾನಿನ ಸಂಸಾರಗಳು, 1962ರಲ್ಲಿ ಅದೇ ದೇವಳಿಯಲ್ಲಿ ನಮ್ಮದೇ ದೇಶದ ಚೀನೀ ಮೂಲದವರು. ಇಟಲಿಯಿಂದ ಯಾರಾದರೂ ಅಜ್ಜನ ಫೋಟೋ ಹಿಡಿದು ನಮ್ಮ ಕಚೇರಿಗಳಿಗೆ ಬಂದರೆ ಅವರಿಗೂ ಗೆದ್ದಲಿನ ಕಥೆಯೇ ಹೇಳುತ್ತಾರೋ ಏನೋ.

ಇರಲಿ. ಈಗ ನಿನಗೊಂದು ಕೆಲಸ ಕೊಡುತ್ತೇನೆ. ಟ್ರಂಕಿನಲ್ಲಿ ಒಂದು ನೋಟಿತ್ತು, ಜಪಾನಿನವರು ಅಲ್ಲಿ ಚಲಾವಣೆಗೆ ತಂದದ್ದು, ಬಾಳೆಗಿಡದ ಚಿತ್ರ ಇರುವ 10 ಡಾಲರಿನದು. ಯುದ್ಧ ಮುಗಿದ ದಿನವೇ ಅದು ಬರೀ ಕಾಗದವಾಯಿತು. ದೊಡ್ಡಪ್ಪ ಅದನ್ನು ಯಾಕೆ ಇಟ್ಟುಕೊಂಡಿದ್ದರೋ ಅಂತ ನಾವು ನಗುತ್ತಿದ್ದೆವು. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಕನ್ನಡದ ಅಂಕಿಗಳಿವೆ, ಯಾವುದೋ ಬಾಕಿ ಲೆಕ್ಕ ಅಂದುಕೊಂಡಿದ್ದೆ. ಹೋದ ತಿಂಗಳು ಭೂತಗನ್ನಡಿ ಹಿಡಿದು ನೋಡಿದೆ. ಐದು ಅಂಕಿ. ಸೈನ್ಯದ ನಂಬರಿನ ಹಾಗೇ ಇದೆ, ಆದರೆ ದೊಡ್ಡಪ್ಪನ ನಂಬರಲ್ಲ.

ಪ್ರತಿ ಮಹಾಲಯ ಅಮಾವಾಸ್ಯೆಗೆ ಅವರು ಮನೆಯ ಹಿರಿಯರ ಎಡೆಗಳ ಪಕ್ಕದಲ್ಲಿ ಒಂದು ಎಡೆ ಹೆಚ್ಚಿಗೆ ಹಾಕಿಸುತ್ತಿದ್ದರು. ಅನ್ನವನ್ನು ತಾವೇ ಬಡಿಸುತ್ತಿದ್ದರು, ಬೆಟ್ಟದಷ್ಟು. ಯಾರಿಗೆ ಅಂತ ನಮ್ಮವ್ವ ಕೇಳಿದರೆ "ಇರಲಿ ಬಿಡು" ಅನ್ನುತ್ತಿದ್ದರು.

ನೋಟಿನ ಫೋಟೋ ನಿನ್ನ ಅಪ್ಪನ ಕೈಲಿ ವಾಟ್ಸಾಪಿಗೆ ಹಾಕಿಸಿದ್ದೇನೆ. ಆಯೋಗದ ಪಟ್ಟಿಯಲ್ಲಿ ನಂಬರು ಹಾಕಿ ಹುಡುಕು, ಮೈಸೂರು ದಳ ಅಂತ ಮಾತ್ರ ಬಿಗಿ ಹಿಡಿಯಬೇಡ, ಬೇರೆ ದಳದವನೂ ಆಗಿರಬಹುದು. ನಾಲ್ಕನೆಯ ಅಂಕಿ ಮಡಿಕೆಯಲ್ಲಿ ಸವೆದಿದೆ. ೬ ಇರಬಹುದು, ೯ ಇರಬಹುದು. ಎರಡನ್ನೂ ಹಾಕಿ ನೋಡು.